ಅಜ್ಜಿ ತೀರಿಕೊಂಡ ಮೇಲಿನ ಮೊದಲ ವರ್ಷ: ಅವರ ನೆನಪನ್ನು ಕೂಡಿಡುವ ಕ್ರಮ

“ಅಜ್ಜಿ ತೀರಿಕೊಂಡು ಎರಡು ತಿಂಗಳಾಯಿತು, ಅವರ ನೆನಪಿಗೆ ಏನಾದರೂ ಮಾಡಬೇಕೆಂದಿದೆ, ಎಲ್ಲಿಂದ ಆರಂಭಿಸಲಿ?” ಎಂಬ ಪ್ರಶ್ನೆಯನ್ನು ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಮತ್ತೆ ಮತ್ತೆ ಕೇಳುತ್ತಿರುವುದರಿಂದ, ಬಿಡಿಬಿಡಿಯಾಗಿ ಕೊಡುತ್ತಿದ್ದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕೇಳಿದವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ದೊಡ್ಡ ಫೋಟೊಗೆ ಕಟ್ಟು ಹಾಕಿಸುವ ಅಥವಾ ಊರಿನ ವೃತ್ತದಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿಸುವ ಯೋಚನೆ. ಅವನ್ನು ಬೇಡವೆನ್ನಲಾರೆ, ಆದರೆ ಅವು ಯಾವಾಗ ಬೇಕಾದರೂ ಮಾಡಬಹುದಾದ ಕೆಲಸಗಳು. ಅಜ್ಜಿಯ ಮಾತಿನ ವರಸೆ, ಹಾಡು, ಕೈಯಡುಗೆಯ ಅಳತೆ, ತವರಿನ ಸುದ್ದಿ ಮಾತ್ರ ಅವರ ಓರಗೆಯ ನಾಲ್ಕಾರು ಜನರ ನೆನಪಿನಲ್ಲಿ ಉಳಿದಿರುತ್ತವೆ, ಆ ಜನರಿಗೂ ಎಂಬತ್ತು ದಾಟಿರುತ್ತದೆ. ಆದ್ದರಿಂದ ವರ್ಷದ ತಿಥಿ ಬರುವುದರೊಳಗೆ ಇವನ್ನು ಕೂಡಿಸಿ, ಮನೆಯವರೆಲ್ಲರೂ ಕೈಗೆತ್ತಿಕೊಂಡು ಓದಬಹುದಾದ ಒಂದು ನೆನಪಿನ ಪುಸ್ತಕ ಮಾಡಿಡಬೇಕೆಂಬುದು ನನ್ನ ಸಲಹೆ.

ಬೇಕಾಗುವುದು ಹೆಚ್ಚೇನಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್, ಮೃದುವಾದ ಪೆನ್ಸಿಲ್, ಧ್ವನಿಮುದ್ರಣ ಮಾಡಬಲ್ಲ ಮೊಬೈಲ್, ಎರಡು ಪೆನ್‌ಡ್ರೈವ್, ಒಗೆದು ಒಣಗಿಸಿದ ಬಿಳಿ ಹತ್ತಿಬಟ್ಟೆ ಇವಿಷ್ಟು ಸಾಕು. ಇವೆಲ್ಲಕ್ಕಿಂತ ಮುಖ್ಯವಾಗಿ ಮನೆಯಲ್ಲಿ ಒಬ್ಬರು ಈ ಹೊಣೆಯನ್ನು ಹೊರಬೇಕು, ಏಕೆಂದರೆ ಎಲ್ಲರೂ ಸೇರಿ ಮಾಡೋಣವೆಂದು ಬಿಟ್ಟ ಕೆಲಸ ಮುಂದಿನ ಯುಗಾದಿಗೂ ಹಾಗೆಯೇ ಇರುತ್ತದೆ.

ಹಂತ 1: ಮೊದಲ ತಿಂಗಳು ಏನನ್ನೂ ಕೊಡಬೇಡಿ, ಅಳಿಸಬೇಡಿ

ಹನ್ನೊಂದನೆಯ ದಿನದ ಕಾರ್ಯ ಮುಗಿದ ಕೂಡಲೇ ಅಜ್ಜಿಯ ಬಟ್ಟೆ, ಹಾಸಿಗೆ, ತಟ್ಟೆ, ಲೋಟಗಳನ್ನು ಕೊಟ್ಟುಬಿಡುವ ಅಥವಾ ಹೊರಗೆ ಹಾಕುವ ಪದ್ಧತಿ ನಮ್ಮ ಕಡೆಯ ಅನೇಕ ಮನೆಗಳಲ್ಲಿದೆ. ಆ ಪದ್ಧತಿಯನ್ನು ಮುರಿಯಬೇಕಾಗಿಲ್ಲ. ಕೊಡುವ ಮೊದಲು ಹಿರಿಯರ ಒಪ್ಪಿಗೆ ಪಡೆದು, ಅಜ್ಜಿ ದಿನವೂ ಮುಟ್ಟುತ್ತಿದ್ದ ಮೂರು ನಾಲ್ಕು ವಸ್ತುಗಳನ್ನು ಮಾತ್ರ ತೆಗೆದಿಡಿ. ಎಲೆ ಅಡಿಕೆಯ ಸಂಚಿ, ಅಳತೆಯ ಪಾವು, ಕನ್ನಡಕ, ಮನೆಯಲ್ಲಿ ಉಡುತ್ತಿದ್ದ ಒಂದು ಹತ್ತಿ ಸೀರೆ ಇಂಥವು ಸಾಕು. ಒಡವೆಯ ಮಾತನ್ನು ಈ ಕೆಲಸದೊಂದಿಗೆ ಎಂದೂ ಬೆರೆಸಬೇಡಿ. ನೆನಪಿನ ವಸ್ತು ಹುಡುಕುವ ನೆಪದಲ್ಲಿ ಬೀರು ತೆರೆದರೆಂಬ ಅನುಮಾನ ಒಮ್ಮೆ ಹುಟ್ಟಿತೆಂದರೆ, ಆಮೇಲೆ ಯಾರೂ ಬಾಯಿಬಿಟ್ಟು ಏನನ್ನೂ ಹೇಳುವುದಿಲ್ಲ.

ಮೊಬೈಲ್ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಅಜ್ಜಿಯ ಬಳಿ ಇದ್ದದ್ದು ಗುಂಡಿಯ ಫೋನೇ ಆಗಿದ್ದರೂ ಅದನ್ನು ಬೇರೆಯವರಿಗೆ ಕೊಡಬೇಡಿ, ಫಾರ್ಮ್ಯಾಟ್ ಮಾಡಿಸಬೇಡಿ. 90 ದಿನ ಬಳಸದ ಪ್ರೀಪೇಯ್ಡ್ ಸಿಮ್ ನಿಷ್ಕ್ರಿಯವಾಗಬಹುದು, ಮತ್ತು 120 ದಿನ ಯಾರೂ ಬಳಸದ ವಾಟ್ಸ್‌ಆ್ಯಪ್ ಖಾತೆಯನ್ನು ಆ ಸಂಸ್ಥೆ ಸಾಮಾನ್ಯವಾಗಿ ಅಳಿಸಿಹಾಕುತ್ತದೆ. ಅಜ್ಜಿಯ ಧ್ವನಿ ಅವರ ಫೋನಿಗಿಂತ ಹೆಚ್ಚಾಗಿ ಮಕ್ಕಳು, ಮೊಮ್ಮಕ್ಕಳ ಫೋನುಗಳಲ್ಲಿ ವಾಯ್ಸ್ ಮೆಸೇಜುಗಳಾಗಿ, ಹುಟ್ಟುಹಬ್ಬದ ವಿಡಿಯೊಗಳ ಹಿನ್ನೆಲೆಯಲ್ಲಿ, ಕೆಲವೊಮ್ಮೆ ದಾಖಲಾದ ಕರೆಗಳಲ್ಲಿ ಇರುತ್ತದೆ. ಆದ್ದರಿಂದ ಮೊದಲ ವಾರದಲ್ಲೇ ಎಲ್ಲ ನೆಂಟರಿಗೂ ತಿಳಿಸಿ, ಅಜ್ಜಿಯ ಮಾತಿರುವ ಪ್ರತಿಯೊಂದು ತುಣುಕನ್ನೂ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಫಾರ್ವರ್ಡ್ ಮಾಡಿದ ಧ್ವನಿ ಸಂದೇಶದಲ್ಲಿ ಮೂಲ ದಿನಾಂಕ ಉಳಿಯುವುದಿಲ್ಲವಾದ್ದರಿಂದ, ಕಳುಹಿಸುವವರು ದಿನಾಂಕವನ್ನೂ ಬರೆದು ಕಳುಹಿಸಬೇಕು. ಕೊರಟಗೆರೆ ಸೀಮೆಯವರಾಗಿದ್ದ ನನ್ನ ಅಜ್ಜಿಯ ಫೋನನ್ನು ಹೊಸದಕ್ಕೆ ಬದಲಾಯಿಸಿಕೊಳ್ಳಲು ನಾನೇ ಕೊಟ್ಟುಬಿಟ್ಟಿದ್ದೆ. “ಉಂಡ್ಯೇನಪ್ಪ?” ಎಂದು ಕೇಳುವ ಅವರ ಧ್ವನಿ ಈಗ ನಮ್ಮ ಮನೆಯಲ್ಲಿ ಯಾರ ಬಳಿಯೂ ಇಲ್ಲ. ನೀವು ಹಾಗೆ ಮಾಡಬಾರದೆಂಬ ಕಾರಣಕ್ಕೇ ಇದನ್ನು ಮೊದಲ ಹಂತವಾಗಿ ಇಟ್ಟಿದ್ದೇನೆ.

ಇದೇ ತಿಂಗಳಲ್ಲಿ ಮುಗಿಸಬೇಕಾದ ಕಾಗದದ ಕೆಲಸವೊಂದಿದೆ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಮರಣವನ್ನು 21 ದಿನಗಳೊಳಗೆ ತಿಳಿಸಿ ನೋಂದಾಯಿಸಬೇಕು. ತಡವಾದಷ್ಟೂ ಶುಲ್ಕ ಮತ್ತು ಅನುಮತಿಗಳು ಹೆಚ್ಚುತ್ತವೆ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕಾಗುತ್ತದೆ. ಅರ್ಜಿಯಲ್ಲಿ ಅಜ್ಜಿಯ ಹೆಸರನ್ನು ಆಧಾರ್ ಮತ್ತು ಪಹಣಿಯಲ್ಲಿರುವಂತೆಯೇ ಬರೆಸಿ. ಒಂದರಲ್ಲಿ ನಂಜಮ್ಮ, ಇನ್ನೊಂದರಲ್ಲಿ ನಂಜುಂಡಮ್ಮ ಎಂದಾದರೆ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಕೆಲಸಕ್ಕೆ, ತೊಡಕಾಗುತ್ತದೆ. ಪಿಂಚಣಿಯ ಕಾಗದ, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಇವನ್ನು ಹಿಂದಿರುಗಿಸುವ ಮೊದಲು ಪ್ರತಿಯೊಂದರ ಚಿತ್ರ ತೆಗೆದಿಟ್ಟುಕೊಳ್ಳಿ. ಅಜ್ಜಿಯ ಹೆಬ್ಬೆಟ್ಟಿನ ಗುರುತೋ ನಡುಗುವ ಕೈಯ ರುಜುವೋ ಅವುಗಳಲ್ಲೇ ಇರುತ್ತದೆ.

ಹಂತ 2: ಹೆಸರು, ತವರು, ಹುಟ್ಟಿದ ವರ್ಷ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅಜ್ಜಿಯ ಎಲ್ಲ ಹೆಸರುಗಳನ್ನೂ ಬರೆಯಿರಿ. ದಾಖಲೆಯ ಹೆಸರು, ತವರಿನವರು ಕರೆಯುತ್ತಿದ್ದ ಹೆಸರು, ಮದುವೆಯಲ್ಲಿ ಬದಲಾಗಿದ್ದರೆ ಆ ಹೆಸರು, ಓಣಿಯ ಮಕ್ಕಳು ಕೂಗುತ್ತಿದ್ದ ಅಡ್ಡಹೆಸರು ಎಲ್ಲವೂ ಇರಲಿ. ಸಂಬಂಧವನ್ನೂ ಬಿಡಿಸಿ ಬರೆಯಬೇಕು. ತೆಲುಗಿನ ಬಳಕೆಯಿರುವ ಪಾವಗಡ, ಬಾಗೇಪಲ್ಲಿ ಕಡೆಯ ಮನೆಗಳಲ್ಲಿ “ಅವ್ವ” ಎಂದರೆ ಅಜ್ಜಿ, ಬೇರೆ ಕಡೆ ಅದೇ ಮಾತಿಗೆ ತಾಯಿ ಎಂದರ್ಥ. ಮುಂದಿನ ತಲೆಮಾರಿನವರು ಬರಿಯ “ಅವ್ವ” ಎಂಬುದನ್ನು ಓದಿದರೆ ಯಾರೆಂದು ತಿಳಿಯದೆ ಹೋಗುತ್ತದೆ.

ಕಚೇರಿಗೆಂದು ಮಾಡಿಸುವ ವಂಶವೃಕ್ಷದಲ್ಲಿ ಅಜ್ಜಿ ಸಾಮಾನ್ಯವಾಗಿ ತಾತನ ಹೆಂಡತಿಯಾಗಿ ಮಾತ್ರ ಕಾಣಿಸಿಕೊಳ್ಳುತ್ತಾರೆ. ನಿಮ್ಮ ಪುಸ್ತಕದಲ್ಲಿ ಅವರ ತಾಯಿಯಿಂದ ಆರಂಭಿಸಿ. ಅಜ್ಜಿಯ ತಾಯಿ, ಆ ತಾಯಿಯ ತಾಯಿ, ಅಕ್ಕ ತಂಗಿಯರು, ಹುಟ್ಟಿ ಉಳಿಯದ ಮಕ್ಕಳು ಎಲ್ಲರ ಹೆಸರನ್ನೂ ಕೇಳಿ ಬರೆಯಿರಿ. ಹೆಣ್ಣುಮಕ್ಕಳ ಹೆಸರುಗಳಷ್ಟು ಬೇಗ ಮರೆತುಹೋಗುವುದು ಬೇರೊಂದಿಲ್ಲ, ಮೂರು ತಲೆಮಾರು ಹಿಂದಿನ ಒಬ್ಬ ಹೆಣ್ಣುಮಗಳ ಹೆಸರು ಸಿಕ್ಕರೂ ಅದು ದೊಡ್ಡ ಗಳಿಕೆ. ಗಡಿ ತಾಲ್ಲೂಕುಗಳ ಅಜ್ಜಿಯರ ತವರು ಹಿಂದೂಪುರ, ಮಡಕಶಿರಾ, ಮದನಪಲ್ಲಿ ಕಡೆ ಇರುವುದುಂಟು. ಅಂಥವರು ಆ ಊರಿಗೆ ಒಮ್ಮೆ ಹೋಗಿಬರುವುದು ಒಳ್ಳೆಯದು.

ಹುಟ್ಟಿದ ವರ್ಷಕ್ಕೆ ಆಧಾರ್ ಕಾರ್ಡನ್ನು ನೆಚ್ಚಬೇಡಿ, ಏಕೆಂದರೆ ಅಂದಾಜಿನ ಮೇಲೆ ಬರೆಸಿದ ವರ್ಷ ಅಥವಾ ಜನವರಿ 1 ಎಂಬ ದಿನಾಂಕ ಅದರಲ್ಲಿರುವುದು ಸಾಮಾನ್ಯ. ಅದರ ಬದಲು, ಎಲ್ಲರಿಗೂ ಗೊತ್ತಿದ್ದ ಘಟನೆಗಳಿಗೆ ಅಜ್ಜಿಯ ಬದುಕನ್ನು ಹೊಂದಿಸಿ ನೋಡಿ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆದದ್ದು 1938ರ ಏಪ್ರಿಲ್ 25ರಂದು. ಗಾಂಧೀಜಿ ನಂದಿಬೆಟ್ಟದಲ್ಲಿ ತಂಗಿದ್ದು 1927ರಲ್ಲಿ ಮತ್ತು 1936ರಲ್ಲಿ, ಹತ್ಯೆಯಾದದ್ದು 1948ರ ಜನವರಿ 30ರಂದು. ಆಣೆಯ ಲೆಕ್ಕ ಹೋಗಿ ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. 1980ರ ಫೆಬ್ರವರಿ 16ರ ಸೂರ್ಯಗ್ರಹಣದ ದಿನ ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. “ಗಾಂಧೀಜಿ ತೀರಿಕೊಂಡಾಗ ಅಜ್ಜಿಗೆ ಮದುವೆಯಾಗಿತ್ತೇ?”, “ನಯಾಪೈಸೆ ಬಂದಾಗ ದೊಡ್ಡಪ್ಪ ಹುಟ್ಟಿದ್ದರೇ?” ಎಂಬಂಥ ಪ್ರಶ್ನೆಗಳಿಂದ ಎರಡು ಮೂರು ವರ್ಷಗಳ ಅಂತರದೊಳಗೆ ವಯಸ್ಸನ್ನು ಹಿಡಿಯಬಹುದು. ಹಿರಿಯರು ಸಂವತ್ಸರದ ಹೆಸರು, ಅಂದರೆ ಅರವತ್ತು ವರ್ಷಗಳ ಚಕ್ರದಲ್ಲಿ ಒಂದು ವರ್ಷಕ್ಕಿರುವ ಹೆಸರು, ಹೇಳಿದರೆ ಅದು ಇನ್ನೂ ಗಟ್ಟಿಯಾದ ಆಧಾರ. ಉದಾಹರಣೆಗೆ ಬಹುಧಾನ್ಯ ಸಂವತ್ಸರವೆಂದರೆ 1938ರ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ. ಅದೇ ಹೆಸರು ಮತ್ತೆ ಬಂದದ್ದು 1998ರಲ್ಲಿ.

ಹಂತ 3: ಓರಗೆಯವರನ್ನು ಮಾತನಾಡಿಸುವುದು

ಎಲ್ಲ ಹಂತಗಳಿಗಿಂತ ಹೆಚ್ಚು ಸಮಯ ಬೇಡುವುದು ಈ ಹಂತ, ಫಲ ಕೊಡುವುದೂ ಇದೇ. ಮೊದಲು ಹೆಸರುಗಳ ಪಟ್ಟಿ ಮಾಡಿ. ಮಕ್ಕಳಿಗೆ ಗೊತ್ತಿರುವುದು ತಾಯಿಯಾದ ಮೇಲಿನ ಅಜ್ಜಿ ಮಾತ್ರ. ಹುಡುಗಿಯಾಗಿದ್ದ ಅಜ್ಜಿಯನ್ನು ಬಲ್ಲವರು ತವರಿನ ತಂಗಿ, ತಮ್ಮಂದಿರು. ಹೊಸ ಸೊಸೆಯಾಗಿ ಬಂದ ದಿನಗಳನ್ನು ಬಲ್ಲವರು ವಾರಗಿತ್ತಿಯರು, ನಾದಿನಿಯರು, ಜೊತೆಯಲ್ಲಿ ಕಳೆ ಕೀಳಲು ಹೋಗುತ್ತಿದ್ದ ನೆರೆಮನೆಯವರು. ಇವರಲ್ಲಿ ಯಾರ ಆರೋಗ್ಯ ನಾಜೂಕಾಗಿದೆಯೋ ಅವರ ಬಳಿಗೆ ಮೊದಲು ಹೋಗಿ.

ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ, ಹೂವು ಹಣ್ಣಿನ ಜೊತೆಗೆ ಒಂದು ಹಳೆಯ ಫೋಟೊ ಒಯ್ಯಿರಿ, ಮಾತಿಗೆ ಅದಕ್ಕಿಂತ ಒಳ್ಳೆಯ ಆರಂಭವಿಲ್ಲ. “ನಿಮ್ಮ ಮಾತನ್ನು ಫೋನಿನಲ್ಲಿ ಹಿಡಿದಿಟ್ಟುಕೊಳ್ಳಲೇ?” ಎಂದು ಕೇಳಿ, ಒಪ್ಪಿದ ಮೇಲೆಯೇ ಧ್ವನಿಮುದ್ರಣ ಆರಂಭಿಸಿ. ಫ್ಯಾನ್ ಮತ್ತು ಟಿವಿಯನ್ನು ಆರಿಸಿ, ಫೋನನ್ನು ಮಡಿಸಿದ ಟವೆಲ್ಲಿನ ಮೇಲೆ ಅವರಿಂದ ಎರಡು ಅಡಿ ದೂರದಲ್ಲಿ ಇಡಿ, ಏರೋಪ್ಲೇನ್ ಮೋಡ್ ಹಾಕಿದರೆ ನಡುವೆ ಕರೆ ಬರುವುದಿಲ್ಲ. ದಿನಾಂಕ, ಊರು, ಮಾತನಾಡುತ್ತಿರುವವರ ಹೆಸರು ಮತ್ತು ಅಜ್ಜಿಗೆ ಅವರು ಏನಾಗಬೇಕೆಂಬುದನ್ನು ಮೊದಲು ನೀವೇ ಹೇಳಿ. ಒಂದು ಗಂಟೆ ಮೀರಿದರೆ ವಯಸ್ಸಾದವರು ದಣಿಯುತ್ತಾರೆ. ಇನ್ನೊಂದು ದಿನ ಬರುತ್ತೇನೆಂದು ಹೇಳಿ ಎದ್ದುಬಿಡುವುದು ಮೇಲು, ಏಕೆಂದರೆ ನೀವು ಹೊರಟ ಮೇಲೆ ಅವರಿಗೆ ಹೊಳೆದದ್ದೆಲ್ಲವೂ ಎರಡನೆಯ ಭೇಟಿಯಲ್ಲಿ ದೊರೆಯುತ್ತದೆ.

“ಅಜ್ಜಿ ಹೇಗಿದ್ದರು?” ಎಂದು ಕೇಳಿದರೆ “ಚಿನ್ನದಂಥವಳು, ಒಂದು ದಿನ ಜೋರಾಗಿ ಮಾತಾಡಿದವಳಲ್ಲ” ಎಂಬ ಉತ್ತರ ಬರುತ್ತದೆ, ಅದರಿಂದ ಪುಸ್ತಕಕ್ಕೆ ಏನೂ ಸಿಗುವುದಿಲ್ಲ. ಕೈಕೆಲಸದ ಬಗ್ಗೆ, ದಿನಚರಿಯ ಬಗ್ಗೆ ಕೇಳಿ. ಬೆಳಿಗ್ಗೆ ಎದ್ದು ಮೊದಲು ಯಾವ ಕೆಲಸಕ್ಕೆ ಕೈಹಾಕುತ್ತಿದ್ದರು? ನೀರು ಎಲ್ಲಿಂದ ಹೊತ್ತು ತರುತ್ತಿದ್ದರು, ಎಷ್ಟು ಬಿಂದಿಗೆ? ಮದುವೆಗೆ ಎತ್ತಿನ ಗಾಡಿಯಲ್ಲಿ ಬಂದರೇ, ಯಾವ ಬಣ್ಣದ ಸೀರೆಯಲ್ಲಿ? ಮೊದಲು ಸಿನಿಮಾ ನೋಡಿದ್ದು ಯಾವ ಟೆಂಟಿನಲ್ಲಿ? ಜಾತ್ರೆಗೆ ಸಿದ್ಧಗಂಗೆಗೋ ಆವನಿಗೋ ಕೈವಾರಕ್ಕೋ ಹೋಗುತ್ತಿದ್ದದ್ದು ಯಾರೊಂದಿಗೆ, ಅಲ್ಲಿಂದ ಏನು ತರುತ್ತಿದ್ದರು? ಸಿಟ್ಟು ಬಂದಾಗ ಯಾವ ಬೈಗುಳ ಬಾಯಿಗೆ ಬರುತ್ತಿತ್ತು? ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಮನೆಯಾದರೆ ರೇಷ್ಮೆಹುಳದ ಬಗ್ಗೆ ಕೇಳಲೇಬೇಕು. ನಾಲ್ಕನೆಯ ಜ್ವರ, ಅಂದರೆ ಹುಳು ಕೊನೆಯ ಬಾರಿ ಪೊರೆ ಬಿಡುವ ಹಂತ, ಕಳೆದ ಮೇಲೆ ರಾತ್ರಿಯಿಡೀ ಎದ್ದು ಸೊಪ್ಪು ಹಾಕಿದವರು ಯಾರು, ಹಣ್ಣಾದ ಹುಳುವನ್ನು ಚಂದ್ರಿಕೆಗೆ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಟ್ಟವರು ಯಾರು, ಗೂಡು ಮಾರಿದ ಹಣ ಯಾರ ಕೈ ಸೇರಿತು ಎಂದು ಕೇಳಿ ನೋಡಿ. ಮನೆಯ ಸಾಲ ತೀರಿಸಿದ್ದು ಅಜ್ಜಿಯ ನಿದ್ದೆಗೇಡಿತನವೆಂದು ಆಗ ತಿಳಿಯುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಕೆಲವಿವೆ. ಹೇಳುತ್ತಿರುವವರನ್ನು ನಡುವೆ ತಡೆದು “ಅದು ಹಾಗಲ್ಲ, ಅಪ್ಪ ಬೇರೆ ಹೇಳಿದ್ದರು” ಎಂದು ತಿದ್ದಬೇಡಿ. ಇಬ್ಬರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ, ಯಾರು ಹೇಳಿದರೆಂಬುದರ ಸಮೇತ ಬರೆದಿಡಿ. ಅತ್ತೆಯ ಕಾಟ, ಕಳೆದುಕೊಂಡ ಮಗು, ಜಮೀನಿನ ಜಗಳ ಇವುಗಳ ಮಾತು ಬಂದರೆ ಕೇಳಿಸಿಕೊಳ್ಳಿ, ಒತ್ತಾಯಿಸಿ ಕೆದಕಬೇಡಿ, ಮತ್ತು ಹೇಳಿದವರು ಒಪ್ಪದೆ ಅದನ್ನು ಮನೆಯ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಡಿ. ತಾತ ಇದ್ದರೆ ಅವರನ್ನು ಕಡೆಯಲ್ಲಿ, ಅವರಾಗಿ ಮಾತು ತೆಗೆದಾಗ ಮಾತ್ರ ಕೇಳಿ. ಅವರು ಊಟ, ನಿದ್ದೆ ಬಿಟ್ಟು ವಾರಗಟ್ಟಲೆ ಮಂಕಾಗಿ ಕುಳಿತಿದ್ದರೆ ಈ ಕೆಲಸವನ್ನು ಬದಿಗಿಟ್ಟು ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಧ್ವನಿಯನ್ನು ಬರಹಕ್ಕೆ ಇಳಿಸುವಾಗ ಭಾಷೆಯನ್ನು ತಿದ್ದಬೇಡಿರೆಂದು ನಾನು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ. ಅಜ್ಜಿ “ಓಗ್ಬುಟ್ಟು ಬತ್ತೀನಿ ಕಣ್ಲಾ” ಎಂದಿದ್ದರೆ ಹಾಗೆಯೇ ಬರೆಯಿರಿ. “ಹೋಗಿಬಿಟ್ಟು ಬರುತ್ತೇನೆ ಕಣೋ” ಎಂದು ಬರೆದ ಕ್ಷಣವೇ ಆ ವಾಕ್ಯದಲ್ಲಿ ಅಜ್ಜಿ ಇಲ್ಲವಾಗುತ್ತಾರೆ.

ಹಂತ 4: ಹಾಡುಗಳು

ಅಜ್ಜಿ ಹಾಡುತ್ತಿದ್ದ ಸೋಬಾನೆ ಪದ, ರಾಗಿ ಬೀಸುವ ಪದ, ಜೋಗುಳಗಳನ್ನು ಜೊತೆಗೆ ಹಾಡುತ್ತಿದ್ದವರಿಂದ ಪಡೆಯಬೇಕು. ಸೋಬಾನೆಯೆಂದರೆ ಮದುವೆ, ಒಸಗೆಗಳಲ್ಲಿ ಹೆಂಗಸರು ಸೇರಿ ಹಾಡುವ ಪದ. ಒಬ್ಬರು ಹೇಳಿಕೊಟ್ಟು ಉಳಿದವರು ಸೊಲ್ಲೆತ್ತುವ ಹಾಡುಗಳಾದ್ದರಿಂದ ಒಬ್ಬರನ್ನೇ ಕೂರಿಸಿ ಹಾಡೆಂದರೆ ಅರ್ಧಕ್ಕೇ ನಿಂತುಬಿಡುತ್ತದೆ. ಇಬ್ಬರು ಮೂವರನ್ನು ಒಟ್ಟಿಗೆ ಕೂರಿಸಿ, ಸಾಧ್ಯವಾದರೆ ಬೀಸುವ ಕಲ್ಲಿನ ಮುಂದೆಯೇ ಕೂರಿಸಿ. ಗೂಟ ಹಿಡಿದು ತಿರುಗಿಸಲು ಆರಂಭಿಸಿದಾಗ ಮರೆತಿದ್ದ ಸಾಲುಗಳು ತಾವಾಗಿ ಬರುವುದನ್ನು ನಾನು ಕಂಡಿದ್ದೇನೆ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಪಾವಗಡಗಳಲ್ಲಿ ಅಜ್ಜಿಯ ಹಾಡುಗಳಲ್ಲಿ ಅರ್ಧ ತೆಲುಗಿನವು ಇರಬಹುದು, ಕೈವಾರ ತಾತಯ್ಯನವರ ತತ್ವಪದಗಳೇ ಎರಡೂ ಭಾಷೆಗಳಲ್ಲಿವೆ. ತೆಲುಗಿನ ಹಾಡನ್ನು ಬಿಡದೆ ಕನ್ನಡ ಲಿಪಿಯಲ್ಲಿ ಬರೆದು, ಕೆಳಗೆ ಅರ್ಥ ಬರೆಯಿರಿ.

ಹಂತ 5: ಕೈಯಡುಗೆ

ಅಡುಗೆಯನ್ನು ಬರೆದುಕೊಳ್ಳುವಾಗ ಎಡವುವುದು ಅಳತೆಯಲ್ಲಿ. ಅಜ್ಜಿಯ ಲೆಕ್ಕವೆಲ್ಲ ಸೇರು, ಪಾವು, ಚಟಾಕು, ಹಿಡಿ, ಚಿಟಿಕೆ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು ಎಂಬುದು ಸರಿಯಾದರೂ ಸೇರಿನ ಗಾತ್ರ ಊರಿಂದೂರಿಗೆ ಬೇರೆಯಾಗಿತ್ತು. ಆದ್ದರಿಂದ ನಿಮ್ಮ ಮನೆಯ ಪಾವಿಗೇ ನೀರು ತುಂಬಿಸಿ, ಆ ನೀರನ್ನು ಮಿಲಿಲೀಟರ್ ಗುರುತಿರುವ ಪಾತ್ರೆಗೆ ಸುರಿದು ಎಷ್ಟೆಂದು ಬರೆದಿಟ್ಟುಕೊಳ್ಳಿ. ಪಾವನ್ನು ತೆಗೆದಿಡಿರೆಂದು ಮೊದಲ ಹಂತದಲ್ಲಿ ಹೇಳಿದ್ದು ಇದಕ್ಕಾಗಿ. “ಹಿಡಿ” ಎಂದದ್ದನ್ನು ಅಜ್ಜಿಯ ಕೈಯಷ್ಟೇ ಗಾತ್ರದ ಕೈಯಿರುವ ಮಗಳಿಂದ ತೆಗೆಸಿ ತೂಗಿ.

ಎಲ್ಲ ಅಡುಗೆಯನ್ನೂ ಬರೆಯಲು ಹೊರಟರೆ ಯಾವುದೂ ಮುಗಿಯದು. ಅಜ್ಜಿಯ ಕೈಯಲ್ಲಿ ಮಾತ್ರ ಬರುತ್ತಿದ್ದ ಐದನ್ನು ಆರಿಸಿಕೊಳ್ಳಿ. ಹುರುಳಿಕಾಳಿನ ಬಸ್ಸಾರು, ಮಸ್ಸೊಪ್ಪು, ಹುಚ್ಚೆಳ್ಳಿನ ಚಟ್ನಿ, ಹಿತಕಿದ ಅವರೆಬೇಳೆಯ ಸಾರು, ಗಂಟಿಲ್ಲದ ಹಿಟ್ಟು, ಅಂದರೆ ರಾಗಿಮುದ್ದೆ, ತೊಳಸುವ ಕ್ರಮ ಇಂಥವು. ಬರೆದುಕೊಂಡದ್ದನ್ನು ಅವರ ರುಚಿ ಬಲ್ಲ ಸೊಸೆಯನ್ನೋ ಮಗಳನ್ನೋ ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿ ನೋಡಿ. ಮೊದಲ ಬಾರಿ ಸರಿಬಾರದು, ಮೂರನೆಯ ಬಾರಿಗೆ “ಇದು ಅಮ್ಮನ ಸಾರು” ಎಂದು ಯಾರಾದರೂ ಅಂದಾಗ ಆ ಅಳತೆಯನ್ನು ಶಾಯಿಯಲ್ಲಿ ಬರೆಯಿರಿ. ಸೊಗಡಿನ ಅವರೆ ಸಿಗುವುದು ಡಿಸೆಂಬರ್, ಜನವರಿಯ ಚಳಿಯಲ್ಲಾದ್ದರಿಂದ ಆ ಸಾರಿನ ಪರೀಕ್ಷೆಯನ್ನು ಆ ಕಾಲಕ್ಕೆ ಮೀಸಲಿಡಿ. ಒಲೆ ಸೌದೆಯದೋ ಗ್ಯಾಸಿನದೋ, ಪಾತ್ರೆ ಮಣ್ಣಿನದೋ ಅಲ್ಯೂಮಿನಿಯಮ್ಮಿನದೋ ಎಂಬುದನ್ನೂ ಸೇರಿಸಿ.

ಹಂತ 6: ಫೋಟೊ ಮತ್ತು ಸೀರೆ

ಹಳೆಯ ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಚಿತ್ರದ ಪದರವೇ ಗಾಜಿನೊಂದಿಗೆ ಎದ್ದುಬರುತ್ತದೆ. ಗಾಜಿನ ಮೇಲಿನಿಂದಲೇ, ಕಿಟಕಿಯ ಬೆಳಕು ಬದಿಯಿಂದ ಬೀಳುವಂತೆ ಇಟ್ಟು ಚಿತ್ರ ತೆಗೆಯಿರಿ. ಬಿಡಿ ಫೋಟೊಗಳನ್ನು ಅಂಗಡಿಯಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಡಿಪಿಐ ಎಂದರೆ ಒಂದು ಅಂಗುಲ ಉದ್ದದಲ್ಲಿ ಹಿಡಿದಿಡುವ ಚುಕ್ಕೆಗಳ ಎಣಿಕೆ. ಲ್ಯಾಮಿನೇಷನ್ ಖಂಡಿತ ಬೇಡ, ಒಮ್ಮೆ ಮಾಡಿಸಿದ ಮೇಲೆ ಅದನ್ನು ಬಿಡಿಸಲಾಗದು. ಫೋಟೊ ಹಿಂಬದಿಯಲ್ಲಿ ಯಾರು, ಎಲ್ಲಿ, ಯಾವಾಗ ಎಂಬುದನ್ನು ಮೃದು ಪೆನ್ಸಿಲ್‌ನಿಂದ ಬರೆಯಿರಿ, ಬಾಲ್‌ಪೆನ್ನಿನ ಒತ್ತು ಮುಂಬದಿಯಲ್ಲಿ ಮೂಡುತ್ತದೆ. ಧಾರೆ ಸೀರೆಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಹತ್ತಿಬಟ್ಟೆಯಲ್ಲಿ ಸುತ್ತಿ, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ನುಸಿಗುಳಿಗೆ ಜರಿಗೆ ತಾಗದಿರಲಿ.

ಹಂತ 7: ಪುಸ್ತಕ ಮಾಡುವುದು

ಎಂಟು ಹತ್ತು ತಿಂಗಳಲ್ಲಿ ಕೂಡಿದ್ದನ್ನು ಐವತ್ತು ಅರವತ್ತು ಪುಟಕ್ಕೆ ಇಳಿಸಿ. ಹೊಗಳಿಕೆಯನ್ನು ತೆಗೆಯಿರಿ, ಅಜ್ಜಿಯ ಮಾತುಗಳನ್ನು ಮಾತ್ರ ಒಂದನ್ನೂ ಬಿಡಬೇಡಿ. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸುವುದಾದರೆ “ಯೂನಿಕೋಡ್‌ನಲ್ಲೇ ಮಾಡಿಕೊಡಿ” ಎಂದು ಮೊದಲೇ ಹೇಳಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಮಾಡಿದ ಕಡತವನ್ನು ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣಿಸುತ್ತವೆ. ಇಂಕ್‌ಜೆಟ್ ಮುದ್ರಣಕ್ಕೆ ನೀರು ತಾಗಿದರೆ ಸಾಮಾನ್ಯವಾಗಿ ಅಕ್ಷರ ಹರಡುತ್ತದೆ, ಲೇಸರ್ ಮುದ್ರಣ ಬಾಳಿಕೆ ಬರುತ್ತದೆ. ಧ್ವನಿ ಮತ್ತು ಚಿತ್ರಗಳ ಮೂರು ಪ್ರತಿಗಳಿರಲಿ, ಅವುಗಳಲ್ಲಿ ಒಂದು ಬೇರೊಂದು ಊರಿನ ನೆಂಟರ ಮನೆಯಲ್ಲಿರಲಿ. ಓದು ಬಾರದ ವಾರಗಿತ್ತಿಯರಿಗೆ ಪುಸ್ತಕದ ಬದಲು ಧ್ವನಿಯ ಪ್ರತಿಯನ್ನು ಅವರ ಫೋನಿಗೇ ಹಾಕಿಕೊಡಿ.

ವರ್ಷದ ತಿಥಿಗೋ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೋ ಎಡೆ ಇಡುವಾಗ, ಅಂದರೆ ತೀರಿಕೊಂಡವರಿಗೆ ಇಷ್ಟವಾದುದನ್ನು ಬಾಳೆಲೆಯಲ್ಲಿ ಬಡಿಸಿಡುವಾಗ, ಐದನೆಯ ಹಂತದಲ್ಲಿ ಸಿದ್ಧಪಡಿಸಿದ ಅಳತೆಯಲ್ಲೇ ಅಡುಗೆ ಮಾಡಿ. ಊಟವಾದ ಮೇಲೆ ಮೊಮ್ಮಕ್ಕಳಲ್ಲಿ ಒಬ್ಬರು ಪುಸ್ತಕದ ಎರಡು ಪುಟಗಳನ್ನು ಗಟ್ಟಿಯಾಗಿ ಓದಲಿ. ಆಗ “ಇನ್ನೊಂದು ಮಾತು ಬಿಟ್ಟುಬಿಟ್ಟಿದ್ದೀರಿ” ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದಕ್ಕಾಗಿ ಪುಸ್ತಕದ ಕೊನೆಯಲ್ಲಿ ಹತ್ತು ಪುಟಗಳನ್ನು ಖಾಲಿ ಬಿಟ್ಟು, ದಾರದಲ್ಲಿ ಒಂದು ಪೆನ್ನನ್ನು ಕಟ್ಟಿಡಿ.